ಬೆಳೆಗಾರ, ಪ್ಲಾಂಟರ್, ಕೂಲಿ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕಳಸಕ್ಕೆ ಹಬ್ಬಿಕೊಂಡಿರುವ ಕಾಫಿಯ ಬೆಟ್ಟಗಳಲ್ಲಿ ಹತ್ತು ಎಕರೆ ತೋಟವುಳ್ಳ ಒಬ್ಬ ಗೃಹಸ್ಥನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಮನುಷ್ಯನೊಬ್ಬನೇ, ಆದರೆ ಆತನಿಗೆ ಸಲ್ಲುವ ಹೆಸರುಗಳು ಹಲವು. ಕಾಫಿ ಮಂಡಳಿಯ ಕನ್ನಡ ಪ್ರಕಟಣೆಯಲ್ಲಿ ಆತ ‘ಬೆಳೆಗಾರ’. ಪಟ್ಟಣದ ಕ್ಲಬ್ಬಿನಲ್ಲಿ ‘ಪ್ಲಾಂಟರ್’. ತೋಟದ ಲೈನುಗಳಲ್ಲಿ ವಾಸಿಸುವವರ ಬಾಯಲ್ಲಿ ‘ಸಾಹುಕಾರರು’. ತಾಲ್ಲೂಕು ಕಚೇರಿಯ ಕಾಗದದಲ್ಲಿ ‘ಹಿಡುವಳಿದಾರ’. ಜಾತಿಯನ್ನು ಬರೆಯುವ ಕಲಮಿನಲ್ಲಿ, ಅನೇಕ ವೇಳೆ, ‘ಒಕ್ಕಲಿಗ’. ಕಾಫಿಯ ಬೆಲೆ ಬಿದ್ದ ವರುಷ ಬ್ಯಾಂಕಿನ ದಫ್ತರದಲ್ಲಿ ‘ಸಾಲಗಾರ’.

ಈ ಹೆಸರುಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಪ್ರತಿಯೊಂದಕ್ಕೂ ಹಿಂದುಗಡೆ ಒಂದು ಬಾಲವುಂಟು: ಗಾರ, ಅರ್, ಕಾರ, ದಾರ, ಇಗ. ನಮ್ಮ ವ್ಯಾಕರಣಕಾರರು ಇವುಗಳಲ್ಲಿ ಹಲವನ್ನು ತದ್ಧಿತ ಪ್ರತ್ಯಯಗಳೆಂದು ಕರೆದಿದ್ದಾರೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಇವುಗಳಿಗಾಗಿಯೇ ಒಂದು ಪ್ರಕರಣವಿದೆ. ಶಾಲೆಯಲ್ಲಿ ಮಾಲೆಗಾರ, ಬಳೆಗಾರ, ಕನ್ನಡಿಗ, ಹಾವಾಡಿಗ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ನಾವು ಅವನ್ನು ಮರೆತೆವು. ಆದರೆ ಈ ಬಾಲಗಳು ಬರಿಯ ಅಲಂಕಾರವಲ್ಲ. ಮನುಷ್ಯನಿಗೂ ಆತನ ಕೆಲಸಕ್ಕೂ ಇರುವ ನಂಟು ಎಂಥದು, ಆತ ಮಾಡುವವನೋ, ಹಿಡಿದುಕೊಂಡವನೋ, ಅದಕ್ಕೆ ಸೇರಿದವನೋ ಎಂಬುದನ್ನು ಎರಡು ಅಕ್ಷರಗಳಲ್ಲಿ ಅವು ಹೇಳಿಬಿಡುತ್ತವೆ. ಬಾಲವೇ ಇಲ್ಲದವನ ಪಾಡೇನೆಂಬುದನ್ನು ಕೊನೆಯಲ್ಲಿ ನೋಡೋಣ.

ಮಾಡುವವನು

ಮೊದಲು ‘ಗಾರ’. ಇದು ಸಂಸ್ಕೃತದ ‘ಕಾರ’ ಎಂಬುದರ ಕನ್ನಡ ರೂಪ. ಮೂಲದಲ್ಲಿ ‘ಕೃ’ ಧಾತು, ಮಾಡು ಎಂದರ್ಥ. ಕುಂಭಕಾರನು ಪ್ರಾಕೃತದ ದಾರಿಯಲ್ಲಿ ಕಕಾರವನ್ನು ಕಳೆದುಕೊಂಡು ನಮ್ಮಲ್ಲಿಗೆ ಬರುವಾಗ ಕುಂಬಾರನಾದ, ಚರ್ಮಕಾರ ಚಮ್ಮಾರನಾದ. ಪಕ್ಕದ ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ‘ಕಾರನ್’ ಇದೆ. ಆದ್ದರಿಂದ ಘಟ್ಟದ ತೋಟಗಳಿಗೆ ತಮಿಳುನಾಡಿನಿಂದ ಬಂದ ಕುಟುಂಬಗಳಿಗೆ ನಮ್ಮ ‘ತೋಟಗಾರ’ ಹೊಸ ಮಾತಾಗಿ ಕೇಳಿಸಿರಲಾರದು. ಅವರದು ‘ತೋಟ್ಟಕ್ಕಾರನ್’, ಅಷ್ಟೆ.

ಇದೇ ಧಾತು ಪಾರಸಿಯಲ್ಲಿಯೂ ಉಂಟು. ಅಲ್ಲಿ ‘ಕಾರ್’ ಎಂದರೆ ಕೆಲಸ; ‘ಗರ್’ ಎಂಬುದು ಮಾಡುವವನನ್ನು ಸೂಚಿಸುವ ಪ್ರತ್ಯಯ. ಸೌದಾಗರ, ಜಾದೂಗಾರ ಮೊದಲಾದ ಮಾತುಗಳು ಅಲ್ಲಿಂದ ಬಂದಾಗ ನಮ್ಮವರು ಅವನ್ನು ಪರಕೀಯವೆಂದು ಎಣಿಸಲೇ ಇಲ್ಲ. ದೂರದ ದಾಯಾದಿಯ ಮುಖದಲ್ಲಿ ಮನೆಯವರ ಹೋಲಿಕೆ ಕಂಡಂತೆ ಆಯಿತು. ಮಲೆನಾಡಿನ ‘ಸಾಹುಕಾರ’ ಕೂಡ ಉತ್ತರದ ಭಾಷೆಗಳಿಂದ ಬಂದವನು. ಅವನ ಬಾಲವೂ ಅದೇ ‘ಕಾರ’, ಅವನ ತಲೆ ಸಂಸ್ಕೃತದ ‘ಸಾಧು’. ಸಾಧುವು ಸಾಹುಕಾರನಾದ ಬಗೆ ಸಮಾಜಶಾಸ್ತ್ರಕ್ಕೆ ಸೇರಿದ್ದು, ನಮಗೆ ಬೇಡ.

‘ಗಾರ’ ಎಂದರೆ ಮಾಡುವವನು ಎಂದೇನೋ ಹೇಳಿದೆವು. ಆದರೆ ಕನ್ನಡಿಗರು ಅದನ್ನು ಧಾರಾಳವಾಗಿ ಬಳಸಿದ್ದಾರೆ. ಬಳೆಗಾರ ಬಳೆಯನ್ನು ಮಾಡಬೇಕಾಗಿಲ್ಲ, ತೊಡಿಸಿದರೆ ಸಾಕು. ಎಲ್ಲಕ್ಕಿಂತ ವಿಚಿತ್ರವಾದವನು ಸಾಲಗಾರ. ಸಾಲ ಪಡೆದವನೂ ಸಾಲಗಾರನೇ. “ಸಾಲಗಾರರ ಕಾಟ ತಾಳಲಾರೆ” ಎಂದಾಗ ಸಾಲ ಕೊಟ್ಟು ಬಾಗಿಲಿಗೆ ಬಂದು ಕುಳಿತವನೂ ಸಾಲಗಾರನೇ. ಸಾಲವೆಂಬುದು ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆಂಬ ಲೋಕಜ್ಞಾನ ಈ ಪ್ರಯೋಗದಲ್ಲಿ ಅಡಗಿದೆ.

ದೇಶ ಸುತ್ತಿದ ‘ಅರ್’

ಇನ್ನು ‘ಪ್ಲಾಂಟರ್’. ಇದರ ಕೊನೆಯ ‘ಅರ್’ ನಮ್ಮ ಕುಂಬಾರನ ‘ಆರ’ಕ್ಕೆ ಬಂಧುವೆಂದು ಯಾರಾದರೂ ಭಾವಿಸಿದರೆ ಅದು ಸಹಜ, ಆದರೆ ಹೋಲಿಕೆ ಕೇವಲ ಆಕಸ್ಮಿಕ. ಇಂಗ್ಲಿಷಿನ ಈ ಪ್ರತ್ಯಯದ ತವರು ರೋಮ್ ನಗರವೆಂದು ಬಹುಮಂದಿ ವಿದ್ವಾಂಸರ ಮತ. ಲ್ಯಾಟಿನ್ನಿನಲ್ಲಿ ‘ಆರಿಯುಸ್’ ಎಂಬ ಪ್ರತ್ಯಯವಿತ್ತು. ‘ಅದಕ್ಕೆ ಸಂಬಂಧಪಟ್ಟವನು’ ಎಂದು ಅರ್ಥ. ‘ಲಿಬೆರ್’ ಪುಸ್ತಕ, ‘ಲಿಬ್ರಾರಿಯುಸ್’ ಪುಸ್ತಕವನ್ನು ನಕಲು ಮಾಡುವವನು. ‘ಫೆರ್ರುಮ್’ ಕಬ್ಬಿಣ, ‘ಫೆರ್ರಾರಿಯುಸ್’ ಕಮ್ಮಾರ. ಇಂದು ಸಿರಿವಂತರು ಕೋಟಿಗಟ್ಟಲೆ ತೆತ್ತು ಕೊಳ್ಳುವ ಇಟಲಿಯ ಫೆರಾರಿ ಮೋಟಾರಿನ ಹೆಸರು ಒಂದು ಮನೆತನದ್ದು. ಅದರ ಅರ್ಥವನ್ನು ಬಿಡಿಸಿದರೆ ‘ಕಮ್ಮಾರರು’ ಎಂದಷ್ಟೇ ಆಗುತ್ತದೆ.

ರೋಮನ್ ಸಾಮ್ರಾಜ್ಯ ಅಳಿಯಿತು, ಬಾಲ ಉಳಿಯಿತು. ‘ತೋಟಗಾರ’ನನ್ನೇ ತೆಗೆದುಕೊಳ್ಳಿ. ಇಟಲಿಯವರು ‘ಜಾರ್ದಿನಿಯೇರೆ’ ಎನ್ನುತ್ತಾರೆ, ಸ್ಪೇನಿನವರು ‘ಹಾರ್ದಿನೇರೊ’, ಫ್ರೆಂಚರು ‘ಜಾರ್ದಿನಿಯೇ’, ಜರ್ಮನರು ‘ಗೆರ್ಟ್ನರ್’, ಇಂಗ್ಲಿಷರು ‘ಗಾರ್ಡನರ್’. ಬಾಲ ಊರೂರಿಗೆ ತಕ್ಕಂತೆ ಬಣ್ಣ ಬದಲಾಯಿಸಿದೆ. ಕುಲ ಮಾತ್ರ ಒಂದೇ. ರೋಮಿನ ಗಡಿಯಾಚೆ ಇದ್ದ ಜರ್ಮಾನಿಕ ಜನಾಂಗಗಳು ಬಹು ಹಿಂದೆಯೇ ಇದನ್ನು ಎರವಲು ಪಡೆದಿದ್ದುವು. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲನೆಂಬ ಬಿಷಪ್ಪನು ಗಾಥಿಕ್ ಭಾಷೆಗೆ ಬೈಬಲ್ಲನ್ನು ತಂದಾಗ ಲಿಪಿಕಾರನಿಗೆ ‘ಬೋಕಾರೀಸ್’ ಎಂಬ ಶಬ್ದವನ್ನು ಬಳಸಿದ. ಅದರಲ್ಲಿ ‘ಬೋಕ’ ಜರ್ಮಾನಿಕ, ‘ಆರೀಸ್’ ಲ್ಯಾಟಿನ್. ಸ್ಲಾವ್ ಜನರಿಗೂ ಈ ಬಾಲ ತಲಪಿತು. ರೊಟ್ಟಿ ಸುಡುವವನು ರಷ್ಯನ್ನಿನಲ್ಲಿ ‘ಪೇಕರ್’. ಇಂಗ್ಲಿಷಿನ ‘ಬೇಕರ್’ ಇದರ ಅವಳಿಯಂತೆ ಕೇಳಿಸಿದರೂ ಎರಡರ ತಲೆಗಳು ಬೇರೆ. ರಷ್ಯನ್ನಿನ ‘ಪೇಕ್’ ನಮ್ಮ ‘ಪಾಕ’ದ ಬಂಧು, ‘ಬೇಕ್’ ಅಲ್ಲ. ಎರಡಕ್ಕೂ ಸಮಾನವಾದದ್ದು ಬಾಲ ಮಾತ್ರ.

ಕಾಫಿಯ ಮಾತು ಬಂದಾಗ ಈ ಪ್ರತ್ಯಯದ ಕೈಚಳಕ ಇನ್ನೂ ಹೆಚ್ಚು. ಫ್ರೆಂಚಿನಲ್ಲಿ ಕಾಫಿಯ ಗಿಡ ‘ಕಾಫೆಯೇ’. ಕಾಫಿಯ ಅಂಗಡಿಯವನು ‘ಕಾಫ್ತಿಯೇ’. ಕಾಫಿ ಇಳಿಸುವ ಪಾತ್ರೆ ‘ಕಾಫ್ತಿಯೇರ್’. ಗಿಡವೂ ಮನುಷ್ಯನೂ ಪಾತ್ರೆಯೂ ಒಂದೇ ಆರಿಯುಸನ ಮಕ್ಕಳು. ಸ್ಪೇನಿನ ‘ಕಾಫೆತೇರೊ’ ಎಂಬುದಕ್ಕೆ ಇನ್ನೊಂದು ಪ್ರತ್ಯಯ ಸೇರಿ ‘ಕೆಫೆಟೇರಿಯಾ’ ಆಗಿ, ಅಮೆರಿಕವನ್ನು ಸುತ್ತಿಕೊಂಡು ಬೆಂಗಳೂರಿನ ಕಚೇರಿಗಳಿಗೆ ಬಂದಿದೆ. ತುರ್ಕರ ದಾರಿ ಬೇರೆ. ಅವರ ‘ಕಹ್ವೆ’ಗೆ ಅವರದೇ ಆದ ‘ಜಿ’ ಪ್ರತ್ಯಯ ಸೇರಿ ‘ಕಹ್ವೆಜಿ’, ಅಂದರೆ ಕಾಫಿ ಅಂಗಡಿಯವನು. ಆ ಬಾಲ ಪಶ್ಚಿಮಕ್ಕೆ ಹೋಗಿ ಗ್ರೀಸಿನಲ್ಲಿ ‘ಕಫೆಡ್ಜಿಸ್’ ಆಯಿತು. ಪೂರ್ವಕ್ಕೆ ಬಂದು ಪಾರಸಿಯ ಮೂಲಕ ನಮ್ಮ ‘ಖಜಾಂಚಿ’ಯಲ್ಲಿ ಕುಳಿತಿತು. ಅಥೆನ್ಸಿನ ಕಾಫಿ ಅಂಗಡಿಯವನೂ ನಮ್ಮ ಸಹಕಾರ ಸಂಘದ ಖಜಾಂಚಿಯೂ ಬಾಲದ ಮಟ್ಟಿಗೆ ನೆಂಟರು.

‘ಅರ್’ ಎಂದು ಕೇಳಿದ್ದೆಲ್ಲ ಆರಿಯುಸನ ವಂಶವಲ್ಲವೆಂಬುದನ್ನೂ ಹೇಳಬೇಕು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಇಬ್ಬರಿರುತ್ತಾರೆ. ಡ್ರೈವರನ ಬಾಲ ಮೇಲೆ ಹೇಳಿದ್ದು. ಕಂಡಕ್ಟರನದು ಬೇರೆ; ಅದು ಲ್ಯಾಟಿನ್ನಿನ ‘ತೋರ್’. ಸಂಸ್ಕೃತದ ಕರ್ತೃ, ದಾತೃ, ನೇತೃಗಳಲ್ಲಿರುವ ‘ತೃ’ ಎಂಬುದೂ ಈ ‘ತೋರ್’ ಎಂಬುದೂ ಒಂದೇ ಮೂಲದವು. ನಮ್ಮ ಸಂಸ್ಕೃತದ ದಾತಾ ಲ್ಯಾಟಿನ್ನಿನಲ್ಲಿ ‘ದಾತೋರ್’. ಹೀಗಾಗಿ ಡಾಕ್ಟರ್, ಕಂಡಕ್ಟರ್, ಕಂಟ್ರಾಕ್ಟರುಗಳೆಲ್ಲ ನಮ್ಮ ‘ನೇತಾರ’ನ ದೂರದ ದಾಯಾದಿಗಳು.

ತೋಟದ ಇನ್ನಿಬ್ಬರು ಅಧಿಕಾರಿಗಳನ್ನೂ ಇಲ್ಲಿಯೇ ನೆನೆಯಬೇಕು. ಒಬ್ಬ ‘ರೈಟರ್’. ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ಗುಮಾಸ್ತರಿಗೆ ಇದ್ದ ಈ ಹೆಸರು ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗಿಗೂ ಬಂತು, ಮಲೆನಾಡಿನ ತೋಟಗಳಿಗೂ ಬಂತು. ಈ ಪುಟಗಳಲ್ಲಿ ಧಾರಾವಾಹಿ ಬರೆಯುವವರೂ ಇಂಗ್ಲಿಷಿನಲ್ಲಿ ರೈಟರುಗಳೇ. ಆದರೆ ತೋಟದ ರೈಟರು ಬರೆಯುವುದು ಚೆಕ್‌ರೋಲು, ಅಂದರೆ ಹಾಜರಿ. ಅದರಲ್ಲಿ ಕಲ್ಪನೆಗೆ ಅವಕಾಶವಿರಬಾರದು. ಇನ್ನೊಬ್ಬ ‘ಮೇಸ್ತ್ರಿ’. ಪೋರ್ಚುಗೀಸರ ‘ಮೆಸ್ತ್ರೆ’, ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ಮಾಗಿಸ್ತೆರ್’, ಹೆಚ್ಚಿನವನು ಎಂದರ್ಥ. ಅದಕ್ಕೆ ವಿರುದ್ಧವಾದದ್ದು ‘ಮಿನಿಸ್ತೆರ್’, ಕಡಿಮೆಯವನು, ಸೇವಕ. ಕಾಲ ತಿರುಗಿ, ಕಡಿಮೆಯವನು ವಿಧಾನಸೌಧದಲ್ಲಿ ಮಿನಿಸ್ಟರಾಗಿಯೂ ಹೆಚ್ಚಿನವನು ತೋಟದಲ್ಲಿ ಮೇಸ್ತ್ರಿಯಾಗಿಯೂ ಇದ್ದಾರೆ.

ಹಿಡಿದವನು

‘ದಾರ’ ಪಾರಸಿಯಿಂದ ಬಂದದ್ದು; ಹಿಡಿದುಕೊಂಡವನು, ಉಳ್ಳವನು ಎಂದರ್ಥ. ಹಿಂದಿನ ಮೈಸೂರಿನ ಅಮಲ್ದಾರರಿಂದ ಇಂದಿನ ತಹಶೀಲ್ದಾರರವರೆಗೆ ಕಂದಾಯ ಇಲಾಖೆಯೆಲ್ಲ ಈ ಬಾಲದ ಮೇಲೆಯೇ ನಿಂತಿದೆ. ಕನ್ನಡದ ಶಬ್ದಗಳಿಗೂ ನಾವು ಇದನ್ನು ಸಲೀಸಾಗಿ ಹಚ್ಚಿದೆವು: ಗುತ್ತಿಗೆದಾರ, ಪಾಲುದಾರ, ಗೇಣಿದಾರ. ‘ಹಿಡುವಳಿದಾರ’ನಲ್ಲಂತೂ ಹಿಡಿತ ಇಮ್ಮಡಿಯಾಗಿದೆ, ತಲೆಯಲ್ಲಿ ಕನ್ನಡದ ಹಿಡಿ, ಬಾಲದಲ್ಲಿ ಪಾರಸಿಯ ಹಿಡಿ. ಜಮೀನನ್ನು ಬಿಟ್ಟುಕೊಡಲು ಮನಸ್ಸಿಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಶಬ್ದವನ್ನು ಕಟ್ಟುವುದು ಕಷ್ಟ.

ಈ ‘ದಾರ’ಕ್ಕೆ ಮೂಲವಾದ ಧಾತು ಸಂಸ್ಕೃತದ ‘ಧೃ’ ಎಂಬುದರ ಸೋದರ. ಗಂಗಾಧರನ ‘ಧರ’, ಎಲ್ಲವನ್ನೂ ಎತ್ತಿಹಿಡಿಯುವ ‘ಧರ್ಮ’ ಇದೇ ಮೂಲದವು. ಲ್ಯಾಟಿನ್ನಿನಲ್ಲಿ ಅದು ‘ಫಿರ್ಮುಸ್’, ದೃಢವಾದದ್ದು, ಎಂದಾಯಿತು. ಅದರಿಂದ ಮಧ್ಯಯುಗದಲ್ಲಿ ‘ಫಿರ್ಮ’ ಎಂದರೆ ಗೊತ್ತುಮಾಡಿದ ಗೇಣಿ. ಆ ಗೇಣಿಯನ್ನು ಕೊಡಲೊಪ್ಪಿ ಭೂಮಿಯನ್ನೋ ತೆರಿಗೆ ವಸೂಲಿಯ ಹಕ್ಕನ್ನೋ ವಹಿಸಿಕೊಂಡವನು ‘ಫಿರ್ಮಾರಿಯುಸ್’. ಇಂಗ್ಲಿಷಿನ ‘ಫಾರ್ಮರ್’ ಹುಟ್ಟಿದ್ದು ಹೀಗೆ. ಆತ ಮೊದಲಿಗೆ ಉಳುವವನಲ್ಲ, ಗುತ್ತಿಗೆದಾರ! ಭಾಷೆಯಲ್ಲಿ ಕಾಗದವೇ ಮೊದಲು, ನೇಗಿಲು ಆಮೇಲೆ.

ಇದು ಹಳೆಯ ಇಂಗ್ಲೆಂಡಿನ ಕಥೆ ಮಾತ್ರವಲ್ಲ. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ 1974ನೆಯ ಮಾರ್ಚ್ 1ರಂದು ಜಾರಿಗೆ ಬಂದಾಗ, ಗದ್ದೆಯಲ್ಲಿ ಗೇಣಿಗೆ ದುಡಿಯುತ್ತಿದ್ದವನು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ತಾನು ‘ಗೇಣಿದಾರ’ನೆಂದು ಸ್ಥಾಪಿಸಬೇಕಾಗಿತ್ತು. ಸ್ಥಾಪಿಸಿದವನು ಒಡೆಯನಾದ. ಕಾಫಿ ಮೊದಲಾದ ಪ್ಲಾಂಟೇಷನ್ ಭೂಮಿಗೆ ಆ ಕಾನೂನಿನಲ್ಲಿ ವಿನಾಯಿತಿ ಇತ್ತು. ಇದ್ದ ಪಕ್ಷದಲ್ಲಿಯೂ ಇಲ್ಲದ ಪಕ್ಷದಲ್ಲಿಯೂ ತೋಟದ ಲೈನಿನಲ್ಲಿ ಎರಡು ತಲೆಮಾರು ಬದುಕಿದವನಿಗೆ ಹೇಳಿಕೊಳ್ಳಲು ಯಾವ ‘ದಾರ’ವೂ ಇರಲಿಲ್ಲ. ಆತ ಭೂಮಿಯನ್ನು ಅಗೆದಿದ್ದ, ಹಿಡಿದಿರಲಿಲ್ಲ. ಗದ್ದೆಯ ಬದುವಿನ ಈಚೆಗೆ ದುಡಿದವನಿಗೆ ಪಹಣಿ, ಆಚೆಗೆ ದುಡಿದವನಿಗೆ ದಿನದ ಸಂಬಳ. ನಡುವೆ ಇದ್ದದ್ದು ಒಂದು ಪ್ರತ್ಯಯ.

ಸೇರಿದವನು

‘ಇಗ’ ಬಹು ಮೃದುವಾದ ಬಾಲ. ಒಕ್ಕಲಿಗ, ಕನ್ನಡಿಗ, ಗಾಣಿಗ, ಅಕ್ಕಸಾಲಿಗ. ಇದು ಮಾಡುವುದನ್ನೂ ಹೇಳುವುದಿಲ್ಲ, ಹಿಡಿಯುವುದನ್ನೂ ಹೇಳುವುದಿಲ್ಲ. ಸೇರಿದವನು ಎಂದಷ್ಟೇ ಹೇಳುತ್ತದೆ. ಸಂಸ್ಕೃತದ ‘ಇಕ’ವೇ ಪ್ರಾಕೃತದ ಮೂಲಕ ‘ಇಗ’ವಾಯಿತೆಂದು ಹೇಳುವುದುಂಟು. ಆ ‘ಇಕ’ಕ್ಕೆ ಯುರೋಪಿನಲ್ಲಿ ಸೋದರರಿದ್ದಾರೆ: ಗ್ರೀಕಿನ ‘ಇಕೊಸ್’, ಲ್ಯಾಟಿನ್ನಿನ ‘ಇಕುಸ್’.

ಕಾಫಿಯ ನಾಡಿನವರಿಗೆ ಈ ಸೋದರರಲ್ಲಿ ಒಬ್ಬ ಚಿರಪರಿಚಿತ. 1753ರಲ್ಲಿ ಸ್ವೀಡನ್ನಿನ ಲಿನೇಯಸನು ಗಿಡಮರಗಳಿಗೆಲ್ಲ ಲ್ಯಾಟಿನ್ ನಾಮಕರಣ ಮಾಡುತ್ತ ಕಾಫಿಗಿಡಕ್ಕೆ ‘ಕಾಫಿಯ ಅರೇಬಿಕ’ ಎಂದು ಹೆಸರಿಟ್ಟ. ಅರೇಬಿಕ ಎಂದರೆ ಅರಬರ ನಾಡಿಗೆ ಸೇರಿದ್ದು. ಗಿಡದ ನಿಜವಾದ ತವರು ಇಥಿಯೋಪಿಯ. ಆದರೆ ಯುರೋಪಿಗೆ ಅದರ ಪರಿಚಯವಾದದ್ದು ಅರಬರಿಂದ. ನಮ್ಮ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದರೆಂದು ಐತಿಹ್ಯ ಹೇಳುವುದೂ ಯೆಮನ್ನಿನ ಮೋಖಾದಿಂದಲೇ. ಅರೇಬಿಕದ ‘ಇಕ’, ಒಕ್ಕಲಿಗನ ‘ಇಗ’ ಎರಡೂ ಒಂದೇ ಬೀಜದಿಂದ ಮೊಳೆತವು. ಗಿಡಕ್ಕೂ ಒಡೆಯನಿಗೂ ಒಂದೇ ಬಾಲ!

ಅಷ್ಟೇ ಅಲ್ಲ. ಅದೇ ಗಿಡದ ಕೆಳಗೆ ಬಗ್ಗಿ ಹಣ್ಣನ್ನು ಆಯುವ ‘ಕಾರ್ಮಿಕ’ನನ್ನು ನೋಡಿ: ಕರ್ಮ ಮತ್ತು ಇಕ. 1951ರಲ್ಲಿ ಅಂಗೀಕಾರವಾದ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ತೋಟಗಳಲ್ಲಿ ವಸತಿ, ವೈದ್ಯಸಹಾಯ, ಕೂಸುಗಳ ಪಾಲನೆಯ ವ್ಯವಸ್ಥೆ ಇರಬೇಕೆಂದು ವಿಧಿಸಿತು. ಅದರೊಡನೆ ಈ ಶಬ್ದವೂ ಬೆಟ್ಟವನ್ನು ಹತ್ತಿತು. ಒಕ್ಕಲಿಗ, ಅರೇಬಿಕ, ಕಾರ್ಮಿಕ, ಮೂವರೂ ಒಂದೇ ಪ್ರತ್ಯಯದ ಕುಟುಂಬದವರು. ಆದರೆ ‘ಮಾಲಿಕ’ನನ್ನು ಈ ಕುಟುಂಬಕ್ಕೆ ಸೇರಿಸಲು ಹೋಗಬೇಡಿ. ಆತ ಅರಬ್ಬಿಯವನು, ಅಲ್ಲಿ ಮ, ಲ, ಕ ಮೂರೂ ಧಾತುವಿನ ಅಕ್ಷರಗಳೇ. ಆತನಿಗೆ ಇರುವುದು ಬಾಲವಲ್ಲ, ಬೆನ್ನು.

ಪ್ಲಾಂಟರಿಗೂ ಬೆಳೆಗಾರನಿಗೂ ಅಂತರವೇನು?

ಇಂಗ್ಲಿಷಿನಲ್ಲಿ ‘ಪ್ಲಾಂಟ್’ ಎಂದರೆ ನೆಡು, ನೆಡುವವನು ಪ್ಲಾಂಟರ್. ಆದರೆ ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಅಲ್ಸ್ಟರಿನಲ್ಲಿಯೂ ಅಮೆರಿಕದ ವರ್ಜೀನಿಯದಲ್ಲಿಯೂ ‘ಪ್ಲಾಂಟೇಷನ್’ ಎಂದರೆ ವಲಸೆಯ ನೆಲೆ. ಅಲ್ಲಿ ನೆಟ್ಟದ್ದು ಗಿಡವನ್ನು ಮಾತ್ರವಲ್ಲ, ಮನುಷ್ಯರನ್ನು. ಹೊರಗಿನಿಂದ ಬಂದು ನೆಲೆಯೂರಿದ ಒಡೆಯನೆಂಬ ಅರ್ಥಚ್ಛಾಯೆ ಆ ಶಬ್ದದೊಡನೆ ಹಡಗು ಹತ್ತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಘಟ್ಟಗಳಿಗೆ ಬಂದ ಬಿಳಿಯ ದೊರೆಗಳು ಪ್ಲಾಂಟರುಗಳಾದರು. 1893ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ಪ್ಲಾಂಟರುಗಳ ಸಂಯುಕ್ತ ಸಂಘವೂ ಆ ಹೆಸರನ್ನೇ ಹೊತ್ತಿತು. ದೊರೆಗಳು ತೋಟ ಮಾರಿ ಹೊರಟುಹೋದರು. ಶಬ್ದವನ್ನು ಮಾತ್ರ ತೋಟದೊಡನೆಯೇ ಕೊಟ್ಟುಹೋದರು.

‘ಬೆಳೆಗಾರ’ನ ರಚನೆ ಬೇರೆ. ಇಂಗ್ಲಿಷಿನ ‘ಅರ್’ ಕ್ರಿಯಾಪದಕ್ಕೆ ನೇರವಾಗಿ ಹತ್ತುತ್ತದೆ: ನೆಡು, ನೆಡುವವನು. ನಮ್ಮ ‘ಗಾರ’ಕ್ಕೆ ಸಾಮಾನ್ಯವಾಗಿ ನಾಮಪದವೇ ಬೇಕು: ಆಡು ಎಂಬುದಕ್ಕಲ್ಲ, ಆಟಕ್ಕೆ ಸೇರಿ ಆಟಗಾರ, ಓಡು ಎಂಬುದಕ್ಕಲ್ಲ, ಓಟಕ್ಕೆ ಸೇರಿ ಓಟಗಾರ. ಹಾಗೆಯೇ ಬೆಳೆಗಾರನಲ್ಲಿ ಎದ್ದು ಕಾಣುವುದು ನೆಟ್ಟವನ ಸಾಹಸವಲ್ಲ, ಬೆಳೆ. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ರಷ್ಟು ಸಣ್ಣವರವೇ. ‘ಸಣ್ಣ ಬೆಳೆಗಾರ’ ಎಂದರೆ ಕಿವಿಗೆ ಒಪ್ಪುತ್ತದೆ. ‘ಸಣ್ಣ ಪ್ಲಾಂಟರ್’ ಎಂದರೆ ಯಾಕೋ ಹಾಸ್ಯವೆನಿಸುತ್ತದೆ. ಇಂದು ಕರ್ನಾಟಕದಲ್ಲಿ ಪ್ಲಾಂಟರುಗಳ ಸಂಘವೂ ಇದೆ, ಬೆಳೆಗಾರರ ಒಕ್ಕೂಟವೂ ಇದೆ. ಒಬ್ಬನೇ ಎರಡು ಕಡೆಯೂ ಇರಬಹುದು. ಬಾಲ ಬದಲಾದಂತೆ ನಡೆಯೂ ತುಸು ಬದಲಾಗುತ್ತದೆ.

ಇನ್ನೊಂದು ಅಂತರ. ಇಂಗ್ಲಿಷಿನ ‘ಅರ್’ಗೆ ಮನುಷ್ಯನೆಂದೂ ಯಂತ್ರವೆಂದೂ ಭೇದವಿಲ್ಲ. ಪ್ಲಾಂಟರ್ ಮನುಷ್ಯ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಡ್ರೈಯರ್, ಸ್ಪ್ರೇಯರ್, ಕಳೆ ಹೊಡೆಯುವ ವೀಡ್ ಕಟ್ಟರ್, ಎಲ್ಲವೂ ಯಂತ್ರ. (ಫಿಲ್ಟರ್ ಮಾತ್ರ ಈ ಗುಂಪಿನದಲ್ಲ. ಅದು ಸೋಸಲು ಬಳಸುತ್ತಿದ್ದ ಉಣ್ಣೆಯ ಜಮಖಾನೆಯಂಥ ಬಟ್ಟೆಯ ಹೆಸರು. ಅದರ ‘ಅರ್’ ಸುಳ್ಳು ಬಾಲ.) ಕನ್ನಡದ ‘ಗಾರ’ ಯಂತ್ರಕ್ಕೆ ಹತ್ತುವುದೇ ಇಲ್ಲ. ಕಾವಲುಗಾರ, ಕೆಲಸಗಾರ, ಬೇಟೆಗಾರ ಎಂದೊಡನೆ ಉಸಿರಾಡುವ ಒಬ್ಬ ಮನುಷ್ಯ ಕಣ್ಣೆದುರಿಗೆ ನಿಲ್ಲುತ್ತಾನೆ. ಆಳುಗಳ ಅಭಾವದಿಂದ ತೋಟಕ್ಕೆ ಯಂತ್ರ ಬಂದಂತೆಲ್ಲ ‘ಗಾರ’ಗಳು ಕಡಿಮೆಯಾಗಿ ‘ಅರ್’ಗಳು ಹೆಚ್ಚುತ್ತಿರುವುದನ್ನು ಕಿವಿಯಿಂದಲೇ ಲೆಕ್ಕ ಹಾಕಬಹುದು.

ನಿಲ್ಲುತ್ತಾನೆ ಎಂದೆವು, ನಿಲ್ಲುತ್ತಾಳೆ ಎನ್ನಲಿಲ್ಲ. ಕಾಫಿ ಕೊಯ್ಲಿನಲ್ಲಿ ಹೆಚ್ಚಿನ ಕೈಗಳು ಹೆಂಗಸರವು. ‘ಗಾರ’ಕ್ಕೆ ಸ್ತ್ರೀಲಿಂಗ ಉಂಟು: ಗಾರ್ತಿ, ಗಾತಿ, ಗಿತ್ತಿ. ಆದರೆ ಅವನ್ನು ಎಲ್ಲಿ ಬಳಸಿದ್ದೇವೆ? ಹಾಡುಗಾರ್ತಿ, ಸೂಲಗಿತ್ತಿಯರನ್ನು ಬಿಟ್ಟರೆ ಮಾಟಗಾತಿ, ಮೋಸಗಾತಿ, ಬಿನ್ನಾಣಗಿತ್ತಿ, ವಯ್ಯಾರಗಿತ್ತಿ. ಕೆಲಸಗಾರ ಎಂದರೆ ಕಸುಬು ಬಲ್ಲವನು. ಕೆಲಸಗಿತ್ತಿ ಎಂದರೆ ಮನೆಯ ಮುಸುರೆ ತಿಕ್ಕುವವಳು. ತನ್ನ ಹೆಸರಿನಲ್ಲಿ ತೋಟವುಳ್ಳ, ತಾನೇ ನಿಂತು ಮಾಡಿಸುವ ಹೆಂಗಸರು ಈ ಬೆಟ್ಟಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ‘ಬೆಳೆಗಾರ್ತಿ’ ಎಂಬ ಮಾತು ಮಾತ್ರ ಅಪರೂಪ. ‘ಮಹಿಳಾ ಬೆಳೆಗಾರರು’ ಎಂದು ಸುತ್ತಿಬಳಸಿ ಹೇಳುತ್ತೇವೆ.

ಇಂಗ್ಲಿಷಿನದೂ ಇದೇ ಹಾಡು. ಹಿಂದೆ ಅಲ್ಲಿ ‘ಎಸ್ಟ್ರೆ’ ಎಂಬ ಗೌರವದ ಸ್ತ್ರೀಪ್ರತ್ಯಯವಿತ್ತು. ರೊಟ್ಟಿ ಸುಡುವವಳು ಬ್ಯಾಕ್ಸ್ಟರ್, ನೇಯುವವಳು ವೆಬ್ಸ್ಟರ್, ನೂಲುವವಳು ಸ್ಪಿನ್ಸ್ಟರ್. ಕಸುಬುಗಳು ಗಂಡಸರ ಕೈಗೆ ಹೋದಂತೆ ಮೊದಲಿನ ಎರಡೂ ಗಂಡಸರ ಮನೆತನದ ಹೆಸರುಗಳಾಗಿ ನಿಂತುವು. 1828ರಲ್ಲಿ ಅಮೆರಿಕದ ಮಹಾ ನಿಘಂಟನ್ನು ಪ್ರಕಟಿಸಿದ ನೋವಾ ವೆಬ್ಸ್ಟರನ ಹೆಸರಿನಲ್ಲಿ ಒಬ್ಬ ನೇಕಾರ ಹೆಂಗಸು ಕುಳಿತಿದ್ದಾಳೆ. ಹೆಂಗಸರಿಗೆ ಉಳಿದದ್ದು ಸ್ಪಿನ್ಸ್ಟರ್. ಅದಕ್ಕೂ ‘ಮದುವೆಯಾಗದೆ ಉಳಿದವಳು’ ಎಂಬ ಅರ್ಥ ಬಂತು. ಕೈಯಲ್ಲಿದ್ದ ರಾಟೆ ಹೋಯಿತು, ಮೇಲೆ ಒಂದು ಮೂದಲೆ ಸೇರಿತು.

ಬಾಲ ಕಳೆದುಕೊಂಡ ಮಾತು

ಕೊನೆಗೆ ‘ಕೂಲಿ’. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕೂಲಿ ಎಂದರೆ ದುಡಿಮೆಗೆ ಕೊಡುವ ಹಣ. ದುಡಿಯುವವನು ಕೂಲಿಕಾರ, ಕೂಲಿಯಾಳು, ಕೂಲಿಯವನು. ಹಣ ಬೇರೆ, ಮನುಷ್ಯ ಬೇರೆ. ಎರಡನ್ನೂ ಬೇರೆ ಮಾಡಿ ನಿಲ್ಲಿಸಿದ್ದು ಆ ಬಾಲ. ಯುರೋಪಿನ ವರ್ತಕರ ಬಾಯಿಗೆ ಈ ಮಾತು ಬಿದ್ದಾಗ ಬಾಲ ಉದುರಿಹೋಯಿತು. (ಗುಜರಾತಿನ ಕೋಳಿ ಜನಾಂಗದ ಹೆಸರೂ ಇದರಲ್ಲಿ ಬೆರೆತಿದೆಯೆಂಬ ವಾದವುಂಟು, ಎರಡೂ ಸೇರಿಯೇ ಇರಬಹುದು.) ಮನುಷ್ಯನೇ ‘ಕೂಲಿ’ಯಾದ. ಆ ಹೆಸರಿನಲ್ಲಿಯೇ ಸಾವಿರಾರು ಮಂದಿಯನ್ನು ಮಾರಿಷಸ್ಸಿಗೆ, ಫಿಜಿಗೆ, ನೆಟಾಲಿಗೆ ಹಡಗು ಹತ್ತಿಸಿದರು. ಅನಂತರ ಆ ಬಾಲವಿಲ್ಲದ ಮಾತು ಹುಟ್ಟಿದ ನೆಲಕ್ಕೇ ಹಿಂದಿರುಗಿತು. “ಇವತ್ತು ತೋಟಕ್ಕೆ ಎಷ್ಟು ಕೂಲಿ ಬಂದಿದೆ?” ಎಂದು ನಾವೂ ಕೇಳತೊಡಗಿದೆವು, ‘ಬಂದಿದ್ದಾರೆ’ ಎಂದು ಕೂಡ ಅಲ್ಲ, ‘ಬಂದಿದೆ’.

ಒಂದು ಕಾಲಕ್ಕೆ ಘಟ್ಟದ ಕೆಳಗಿನಿಂದಲೂ ತಮಿಳು ಜಿಲ್ಲೆಗಳಿಂದಲೂ ಬಯಲುಸೀಮೆಯಿಂದಲೂ ಬರುತ್ತಿದ್ದವರ ಜಾಗಕ್ಕೆ ಈಗ ಅಸ್ಸಾಮು, ಬಂಗಾಳ, ಝಾರ್ಖಂಡಗಳಿಂದ ಬಂದವರು ಇದ್ದಾರೆ. ಅವರು ಯಾವ ರಾಜ್ಯದವರೇ ಆಗಲಿ, ಊರಿನವರ ಬಾಯಲ್ಲಿ ಎಲ್ಲರೂ ‘ಅಸ್ಸಾಮಿಗಳು’. ನಮ್ಮಲ್ಲಿ ‘ಆಸಾಮಿ’ ಎಂಬ ಇನ್ನೊಂದು ಮಾತುಂಟು. ಇದಕ್ಕೂ ಅಸ್ಸಾಮಿಗೂ ನಂಟಿಲ್ಲ. ಅದು ಅರಬ್ಬಿಯಿಂದ ಬಂದದ್ದು, ಮೂಲಾರ್ಥ ‘ಹೆಸರುಗಳು’. ದಾಖಲೆಯಲ್ಲಿ ಹೆಸರುಳ್ಳವನೇ ಆಸಾಮಿ. ಹೆಸರುಳ್ಳ ಆಸಾಮಿಗೂ ಹೆಸರು ಕೇಳದೆ ಕರೆದ ಅಸ್ಸಾಮಿಗೂ ಉಚ್ಚಾರಣೆಯಲ್ಲಿರುವ ಅಂತರ ಒಂದೆರಡು ಮಾತ್ರೆ. ಆತನ ನುಡಿಯಲ್ಲಿ ಆತನ ಹೆಸರು ‘ಅಸಮೀಯಾ’. ಅದರ ಬಾಲ ನಮ್ಮ ‘ಭಾರತೀಯ’ದ ‘ಈಯ’ವನ್ನೇ ಹೋಲುತ್ತದೆ.

ಪ್ರತ್ಯಯವೊಂದನ್ನು ಸೇರಿಸಿದ ಮಾತ್ರಕ್ಕೆ ಯಾರ ಸಂಬಳವೂ ಏರುವುದಿಲ್ಲ, ಲೈನಿನ ಮನೆಯ ಸೋರುವ ಮಾಡು ನಿಲ್ಲುವುದಿಲ್ಲ. ಆದರೆ ತಾನು ಪ್ಲಾಂಟರೋ ಬೆಳೆಗಾರನೋ ಹಿಡುವಳಿದಾರನೋ ಎಂದು ತನ್ನ ಬಾಲದ ವಿಷಯದಲ್ಲಿ ಅಷ್ಟು ಎಚ್ಚರವಾಗಿರುವವನು ಇನ್ನೊಬ್ಬನ ಬಾಲವನ್ನು ಕತ್ತರಿಸಬಾರದು. ಸಂಜೆ ಚೆಕ್‌ರೋಲಿನಲ್ಲಿ ‘ಹತ್ತು ಕೂಲಿ’ ಎಂದು ಬರೆಯುವ ರೈಟರು ‘ಹತ್ತು ಕೂಲಿಕಾರರು’ ಎಂದು ಬರೆದರೆ ಹೆಚ್ಚಾಗಿ ಖರ್ಚಾಗುವುದು ಮೂರು ಅಕ್ಷರದ ಮಸಿ. ಅಷ್ಟರಿಂದ ಲೆಕ್ಕದ ಪುಸ್ತಕದಲ್ಲಿ ಹಣವಾಗಿದ್ದ ಹತ್ತು ಮಂದಿ ಮನುಷ್ಯರಾಗುತ್ತಾರೆ.